ಟೈಲರಣ್ಣನ ಅರ್ಧ ಮಾತ್ರೆ

ಮೊನ್ನೆ ಊರಿಗೆ ಹೊರಡಲು ಸೂಟ್‌ಕೇಸ್ ತುಂಬುತ್ತಿದ್ದಾಗ ಹಸಿರು ರೇಷ್ಮೆಯ ಬ್ಲೌಸೊಂದು ಕೈಗೆ ಬಂತು. ಹಾಕಿ ನೋಡಿದರೆ ಬಿಗಿ. ಒಳಗೆ ತಿರುಗಿಸಿದೆ. ಎರಡೂ ಪಕ್ಕದಲ್ಲಿ ಧಾರಾಳವಾಗಿ ಬಟ್ಟೆ ಬಿಟ್ಟು ಹೊಲಿದಿತ್ತು. ಇಲ್ಲಿನ ನಜ್ಮಾ ಬಡಾವಣೆಯಲ್ಲಿದ್ದ ಟೈಲರಣ್ಣನ ಕೈ...

ಟೈಲರಣ್ಣ ಉಡುಪಿ ಕಡೆಯವರು. ನಾವು ಗಲ್ಫಿಗೆ ಬಂದು ನಜ್ಮಾದ ಪಕ್ಕದ ಮುಂತಜಾದಲ್ಲಿ ಮನೆ ಮಾಡಿದ ಹೊಸತರಲ್ಲಿ, ಸರಿಯಾಗಿ ಬ್ಲೌಸ್ ಹೊಲಿಯುವವರು ಸಿಕ್ಕಿದ್ದೇ ನನಗೆ ದೊಡ್ಡ ಸಮಾಧಾನ. ನನ್ನ ಮೈಸೂರು ಕನ್ನಡವನ್ನು ಅವರು, ಅವರ ಕನ್ನಡವನ್ನು ನಾನು ಆಡಿಕೊಳ್ಳುತ್ತಿದ್ದೆವು. “ಒಳಗೆ ಬಟ್ಟೆ ಬಿಟ್ಟಿದ್ದೇನೆ ಅಕ್ಕ, ರಜೆ ಮುಗಿಸಿ ಬರುವಾಗ ಬೇಕಾಗ್ತದೆ,” ಎಂದು ನಗದೆಯೇ ಕಾಲೆಳೆಯುತ್ತಿದ್ದರು.

ಅವರಿಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದ್ದವು. ಇಲ್ಲಿ ಎಷ್ಟೋ ಜನ ಮಾಡುವಂತೆ ಅವರೂ ಊರಿನ ಡಾಕ್ಟರಿಗೆ ತೋರಿಸಿ, ಮುಂದಿನ ರಜೆಯವರೆಗಿನ ಮಾತ್ರೆಗಳನ್ನು ಉಪ್ಪಿನಕಾಯಿ, ಹಪ್ಪಳದ ಜೊತೆ ಕಟ್ಟಿಕೊಂಡು ಬರುತ್ತಿದ್ದರು. ಆ ವರ್ಷ ಅಂಗಡಿಯಲ್ಲಿ ಕೆಲಸದವರು ಕಡಿಮೆಯಾಗಿ ಅವರ ರಜೆ ಮುಂದಕ್ಕೆ ಹೋಯಿತು. ಮಾತ್ರೆ ಸಾಲದೆ ಬಂತು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬ್ಲೇಡಿನಿಂದ ಅವುಗಳನ್ನು ಅರ್ಧ ಮಾಡುತ್ತಿದ್ದುದನ್ನು ನಾನೇ ಕಂಡೆ.

ನನಗೆ ಸಿಟ್ಟು ಬಂತು. “ಪಕ್ಕದಲ್ಲೇ ಕ್ಲಿನಿಕ್ ಇದೆಯಲ್ಲ, ಇವತ್ತೇ ಹೋಗಿ,” ಎಂದೆ.

“ಎಂತಕ್ಕೆ ಅಕ್ಕ? ತಲೆನೋವಿಲ್ಲ, ತಲೆ ತಿರುಗುವುದಿಲ್ಲ. ರಜೆಯಲ್ಲಿ ಊರಲ್ಲೇ ತೋರಿಸ್ತೇನೆ. ನಮ್ಮ ಡಾಕ್ಟ್ರಿಗೆ ನನ್ನ ಮೈ ಗೊತ್ತುಂಟು.”

ಅಳತೆ ಸ್ವಲ್ಪ ತಪ್ಪಿದರೂ ಇಡೀ ಬ್ಲೌಸ್ ಬಿಚ್ಚಿ ಹೊಲಿಯುವ ಮನುಷ್ಯ, ತನ್ನ ವಿಷಯಕ್ಕೆ ಬಂದರೆ ಹೀಗೆ... ಹೋದಾಗಲೆಲ್ಲ ಹೇಳಿದೆ. ಅವರು ತಲೆಯಾಡಿಸಿ ಮಶೀನು ತುಳಿಯುತ್ತಿದ್ದರು.

ಹಸಿರು ಬ್ಲೌಸ್ ತರಲು ಹೋದ ಸಂಜೆ ಅವರು ಎಸಿಯ ಕೆಳಗೇ ಕೂತು ಬೆವರುತ್ತಿದ್ದರು. ಉಸಿರು ಸಾಲುತ್ತಿರಲಿಲ್ಲ. ಎದೆನೋವೇ ಎಂದು ಕೇಳಿದೆ. “ನೋವು ಎಂತದ್ದೂ ಇಲ್ಲ. ಬೆಳಿಗ್ಗೆಯಿಂದ ಗ್ಯಾಸ್. ಸೋಡಾ ಕುಡಿದ್ರೆ ಖಲಾಸ್,” ಎಂದರು. ನಾನು ಅವರ ಮಾತು ಕೇಳಲಿಲ್ಲ. ಅಂಗಡಿಯ ಜೊತೆಗಾರನಿಗೆ ಹೇಳಿ ಆಂಬುಲೆನ್ಸ್ ಕರೆಸಿದೆ. ಸ್ಟ್ರೆಚರಿನಲ್ಲಿ ಮಲಗಿಕೊಂಡೇ, ಹುಕ್ ಹಾಕುವುದು ಬಾಕಿಯಿದೆ ಎಂದು ಬ್ಲೌಸಿನ ಕಡೆ ಕೈ ತೋರಿಸಿದರು. ಮರುದಿನ ಹೋಗಿಬಿಟ್ಟರು. ಹುಕ್ ನಾನೇ ಹಾಕಿಕೊಂಡೆ.

ಡಾಕ್ಟರು ಹೇಳಿದ್ದನ್ನು ಆ ಜೊತೆಗಾರ ಆಮೇಲೆ ನನಗೆ ತಿಳಿಸಿದ. ಹೃದಯಾಘಾತ ಬೆಳಿಗ್ಗೆಯೇ ಶುರುವಾಗಿತ್ತಂತೆ. ಹಳೆಯ ಸಕ್ಕರೆ ಕಾಯಿಲೆ ನರಗಳನ್ನು ಕೆಡಿಸಿದ್ದರಿಂದ ನೋವು ತಿಳಿಯಲಿಲ್ಲವಂತೆ. ಹಿಡಿತಕ್ಕೆ ಬಾರದ ಬಿಪಿ ಹೃದಯವನ್ನು ಮೊದಲೇ ದಣಿಸಿತ್ತಂತೆ. ನೋವಿಲ್ಲ ಎಂದು ಅವರು ಹೇಳಿದ್ದು ಸುಳ್ಳಾಗಿರಲಿಲ್ಲ.

ಬ್ಲೌಸ್ ಹಿಡಿದು ಕೂತಿದ್ದಾಗಲೇ ನನ್ನ ಗಂಡ ವೆಸ್ಟ್ ಬೇಯ ಆಫೀಸಿನಿಂದ ಬಂದರು. ಅವರಿಗೂ ಸಕ್ಕರೆ ಇದೆ. ಮಂಚದ ಅಂಚಿನಲ್ಲಿ ಕೂತು, ಎರಡು ದಿನದಿಂದ ಯಾಕೋ ಮೆಟ್ಟಿಲು ಹತ್ತಿದರೆ ಏದುಸಿರು ಎಂದರು. ನಾನು ತಲೆಯೆತ್ತಿದೆ. “ಇನ್ನೇನು ಹೊರಡ್ತೀವಲ್ಲ, ಮೈಸೂರಲ್ಲೇ ತೋರಿಸಿದ್ರಾಯ್ತು ಬಿಡು,” ಎಂದರು ಅವರೇ.

ನಾನು ಬ್ಲೌಸನ್ನು ಮಂಚದ ಮೇಲಿಟ್ಟೆ. ಕಾರಿನ ಕೀ ತೆಗೆದುಕೊಂಡು ಬಾಗಿಲ ಬಳಿ ಹೋಗಿ ನಿಂತೆ. ನನ್ನ ಮುಖ ನೋಡಿ ಅವರು ಮತ್ತೆ ಶೂ ಹಾಕಿಕೊಂಡರು.

ಬ್ಲೌಸ್ ಇನ್ನೂ ಬಿಗಿಯಾಗಿಯೇ ಇದೆ. ಒಳಗಿನ ಹೊಲಿಗೆಯೊಂದನ್ನು ಬಿಚ್ಚಿದರೆ ಸಾಕು, ಸರಿಯಾಗುತ್ತದೆ. ಅದನ್ನು ಬೇರೆ ಯಾರ ಕೈಗೂ ಕೊಡಲು ನನಗೆ ಮನಸ್ಸಿಲ್ಲ.