ಕೊಪ್ಪದವನ ಅವ್ವ

ಇದನ್ನು ನಾನು ಹಲವರಿಗೆ ಹೇಳಿದ್ದೇನೆ. ಹೇಳಿದಷ್ಟೂ ಕಥೆ ಚತುರವಾಗುತ್ತ ಹೋಗಿದೆ. ಕೇಳುವವರು ಎಲ್ಲಿ ನಗುತ್ತಾರೆಂದು ನನಗೆ ಮೊದಲೇ ಗೊತ್ತಿರುತ್ತದೆ. ಅಂಥ ನೆನಪನ್ನು ನಂಬಬಾರದು. ಆದ್ದರಿಂದ ಬರೆಯುವಾಗ ಚಿಕ್ಕಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೇನೆ. ಅವಳು ಸೊಪ್ಪು ಬಿಡಿಸುತ್ತಿದ್ದಾಳೆ. ಒಂದೊಂದು ಭಾಗ ಬರೆದ ಮೇಲೆ ಓದಿ ಹೇಳುತ್ತೇನೆ. ತಪ್ಪಿದ ಕಡೆ ತಲೆಯೆತ್ತದೆ "ಅಂಗಲ್ಲ ಕಣ್ಲಾ" ಎನ್ನುತ್ತಾಳೆ.

ಚಿಕ್ಕಮ್ಮ ಎಂದರೆ ನನ್ನ ತಾಯಿಯ ತಂಗಿ. ಮನೆ ಕೊತ್ತತ್ತಿ. ಮದ್ದೂರಿನ ಕಡೆಯ ಒಂದು ಗಾರ್ಮೆಂಟ್ಸಿನಲ್ಲಿ ಅಂಗಿಗಳ ಕಾಲರ್ ಹೊಲಿಯುತ್ತಿದ್ದಳು. ಒಂದು ದಿನ ನೀರು ಕುಡಿಯಲು ಎದ್ದದ್ದಕ್ಕೆ ಸೂಪರ್‌ವೈಸರ್ ಏನೋ ಅಂದ. ಅವತ್ತೇ ಬಿಟ್ಟು ಬಂದಳು. ಏನಂದ ಎಂದು ಈಗ ಕೇಳಿದೆ. "ಅವನಂದಿದ್ದು ಬ್ಯಾಡ. ನಾನಂದಿದ್ದ ಬೇಕಾರೆ ಬರ್ಕೊ" ಎಂದಳು. ಅವಳಂದದ್ದನ್ನು ಬರೆಯುವ ಹಾಗಿಲ್ಲ.

ಮಂಡ್ಯದ ಒಂದು ಕಾಲೇಜಿನ ಗೇಟಿನೆದುರು, ಹೊಂಗೆಮರದ ನೆರಳಲ್ಲಿ, ಅವಳ ಗೆಳತಿ ಸೌತೆಕಾಯಿ, ಮಾವಿನಕಾಯಿ ಹೆಚ್ಚಿ ಮಾರುತ್ತಿದ್ದಳು. ಮಗಳ ಬಾಣಂತನಕ್ಕೆ ಹೊರಡುವವಳಿದ್ದಳು. "ಸಿವರಾತ್ರಿ ಮಾರ್ನೆ ದಿನ ನೀನು ಬಂದು ಕೂತ್ಕಂಡ್ರೆ ಜಾಗ ನಿಂದು. ಒಂದಿನ ಖಾಲಿ ಬುಟ್ರೆ ಗೋಬಿ ಗಾಡಿಯೋನು ನಿಲ್ಲುಸ್ಕತ್ತಾನೆ, ಆಮೇಲೆ ಅಳ್ಳಾಡಾಕಿಲ್ಲ" ಎಂದಿದ್ದಳು. ಚಿಕ್ಕಮ್ಮನಿಗೆ ಆ ನೆರಳು ಬೇಕಿತ್ತು. ಅಲ್ಲಿ ಕಬ್ಬಿನ ಹಾಲು ಮಾರಬೇಕೆಂದಿದ್ದಳು. ಕಬ್ಬಿಗೆ ಮೈದುನನ ಗದ್ದೆಯಿತ್ತು. ಇಲ್ಲದ್ದು ಮಿಶನ್ನು ಮಾತ್ರ. ಹೊಸದರ ಬೆಲೆ ಕೇಳಲು ಹೋಗಿ ಅಂಗಡಿಯವನಿಗೇ ಬೈದು ಬಂದಿದ್ದಳು.

ಆಗ ಸಿಕ್ಕಿದ್ದು ಫೋನಿನಲ್ಲಿ ನಡೆಯುವ ಹಳೇ ಸಾಮಾನಿನ ಹರಾಜು. ಒಂದು ಗುಂಪು. ನಡೆಸುವವನು ತಾನು ಮಳವಳ್ಳಿಯವನೆಂದು ಹೇಳಿಕೊಂಡಿದ್ದ. ಸಂಜೆಗೆ ಒಂದೊಂದು ವಸ್ತುವಿನ ಫೋಟೊ ಹಾಕುವನು. ಬೇಕಾದವರು ಮೊತ್ತ ಬರೆಯುವರು. ಅವನು ತನ್ನ ದನಿಯಲ್ಲೇ "ಒಂದನೇ ಸಾರಿ, ಎರಡನೇ ಸಾರಿ" ಎಂದು ಕೂಗಿ ಕಳಿಸುವನು. ನನಗೆ ಮೊದಲಿಂದಲೂ ಅನುಮಾನವಿತ್ತು ಎಂದು ಬರೆಯಲು ಕೈ ತವಕಿಸುತ್ತಿದೆ. ಇರಲಿಲ್ಲ. ಆ ಕೂಗು ನಮ್ಮೂರ ಹರಾಜಿನ ಕೂಗಿನಂತೆಯೇ ಇತ್ತು, ನಾವಿಬ್ಬರೂ ಒಲಿದುಬಿಟ್ಟೆವು.

ಒಂದು ಸಂಜೆ ಕಬ್ಬಿನ ಮಿಶನ್ನು ಬಂತು. ಹಸಿರು ಚಕ್ರ. ಚಕ್ರಕ್ಕೆ ಗೆಜ್ಜೆ ಸರ. ಗೆಜ್ಜೆಗಳ ನಡುವೆ, ಯಾಕೋ ಏನೋ, ಒಂದು ಸೈಕಲ್ ಬೆಲ್ಲು. ಚಿಕ್ಕಮ್ಮ ಫೋಟೊವನ್ನು ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಮೊತ್ತ ಬರೆದಳು. ಕೂಡಲೇ ಇನ್ನೊಬ್ಬ ಅದರ ಮೇಲೆ ಬರೆದ. ಅವನ ಹೆಸರಿರುವ ಜಾಗದಲ್ಲಿ ಬರೀ "ಕೊಪ್ಪ" ಎಂದಿತ್ತು, ಮದ್ದೂರಿನ ಕಡೆಯ ಊರು. ಮುಖವಿರಬೇಕಾದ ಕಡೆ ಒಂದು ಜೋಡಿ ಎತ್ತು. ಅವಳು ಏರಿಸಿದಾಗಲೆಲ್ಲ ಅವನೂ ಏರಿಸಿದ. ತನ್ನಿಂದ ಆಗುವಷ್ಟಕ್ಕೆ ಬಂದು ಚಿಕ್ಕಮ್ಮ ನಿಂತಳು. ಮೂರನೇ ಸಾರಿ ಕೊಪ್ಪದವನ ಪಾಲಾಯಿತು.

"ಹೋಗ್ಲಿ ಬಿಡು ಚಿಕ್ಕಮ್ಮ" ಎಂದೆ.

"ಯಾಕ್ ಬುಡ್ಲಿ? ನಾಳಿಕೆ ಕೊಪ್ಪಕ್ಕೋಗನ ನಡಿ. ಕೇಳ್ಬುಡನ."

ಊರಾಚೆಯವರಿಗೆ ಇದು ವಿಚಿತ್ರವಾಗಿ ಕಾಣಬಹುದು. ನಮ್ಮಲ್ಲಿ ಕೆರೆ ಏರಿಯ ಹುಣಸೆಮರಗಳ ಫಸಲನ್ನು ಹರಾಜು ಹಾಕುವಾಗ ಊರ ಕಟ್ಟೆಯ ಮೇಲೆ ಎಲ್ಲರೆದುರು ಜಿದ್ದಿಗೆ ಬಿದ್ದು ಕೂಗುತ್ತಾರೆ. ಸಂಜೆ ಸೋತವನು ಗೆದ್ದವನ ಮನೆಗೆ ಹೋಗಿ ಜಗಲಿಯ ಮೇಲೆ ಕೂರುತ್ತಾನೆ. "ನಂಗೂ ಎರಡು ಮರ ಬುಟ್ಕೊಡಪ್ಪ" ಎನ್ನುತ್ತಾನೆ. ಕಾಫಿ ಬರುತ್ತದೆ. ಎಷ್ಟೋ ಸಲ ಮರವೂ ಬರುತ್ತದೆ. ಹರಾಜು ಮುಗಿಯುವುದು ಜಗಲಿಯ ಮೇಲೆ, ಕಟ್ಟೆಯ ಮೇಲಲ್ಲ. ಚಿಕ್ಕಮ್ಮನ ಪ್ರಕಾರ ಕೊಪ್ಪದವನದ್ದೂ ಒಂದು ಜಗಲಿ ಇರಲೇಬೇಕು.

ಬೆಳಿಗ್ಗೆ ನನ್ನ ಸ್ಕೂಟರಿನಲ್ಲಿ ಹೋದೆವು. ಬರಿಗೈಲಿ ಹೋಗಬಾರದೆಂದು ದಾರಿಯಲ್ಲಿ ಬಾಳೆಹಣ್ಣು ಕೊಂಡಳು. ಹೇಳುವಾಗ ನಾನು ಇಲ್ಲಿ ಬ್ರೆಡ್ಡನ್ನೂ ಸೇರಿಸುತ್ತಿದ್ದೆ, ಏಕೆಂದರೆ ಮುಂದೆ ಕಥೆಯಲ್ಲಿ ಒಬ್ಬ ರೋಗಿ ಬರುತ್ತಾಳೆ. "ಬ್ರೆಡ್ಡು ಎಲ್ಲಿಂದ್ ತಂದ್ಯೋ?" ಎಂದಳು ಈಗ. ಬ್ರೆಡ್ಡನ್ನು ತೆಗೆದಿದ್ದೇನೆ. ಬಾಳೆಹಣ್ಣು ಮಾತ್ರ.

ಕೊಪ್ಪದಲ್ಲಿ ಹಾಲಿನ ಡೈರಿಯ ಮುಂದೆ ಇಳಿದೆವು. ಹಾಲು ಅಳೆಯುವ ಹೊತ್ತು. ಕ್ಯಾನು ಹಿಡಿದ ಹೆಂಗಸರು, ಗಂಡಸರು ಸಾಲಾಗಿ ನಿಂತಿದ್ದರು. ಚಿಕ್ಕಮ್ಮ ಸಾಲಿನ ಪಕ್ಕ ನಿಂತು ಕೇಳಿದಳು:

"ಇಲ್ಲಿ ಕಬ್ಬಿನಾಲಿನ ಮಿಶನ್ನು ಇಡ್ದೋರು ಯಾರವ್ವ? ನೆನ್ನೆ ಸಂಜೆ, ಫೋನಲ್ಲಿ."

"ಎಸ್ರೇನು?" ಎಂದಳು ಸಾಲಿನ ಮುಂದಿದ್ದ ಮುದುಕಿ.

"ಎಸ್ರಿಲ್ಲ. ಎತ್ತಿನ ಫೋಟ ಆಕ್ಕಂಡವ್ನೆ."

"ತೋರ್ಸು ನೋಡನ." ಮುದುಕಿ ಫೋನನ್ನು ದೂರ ಹಿಡಿದು ನೋಡಿದಳು. "ಎತ್ತು ಚೆಂದಾಗವೆ. ನಮ್ಮೂರವಲ್ಲ."

"ಅಜ್ಜಿ, ಎತ್ತಿಗೇನು ಊರು ಬರ್ದಿರ್ತದಾ?" ಎಂದು ಹಿಂದಿನಿಂದ ಯಾರೋ ಕೆಣಕಿದರು.

"ನಿನ್ ಮೂತಿಗ್ ಬರ್ದದಲ್ಲ, ಅಂಗೆ" ಎಂದಳು ಮುದುಕಿ.

ಎಲ್ಲರೂ ಯೋಚಿಸತೊಡಗಿದರು. ಮಿಶನ್ನು ಕೊಳ್ಳುವಂಥವರು ಯಾರು? ಸಾಲಿನಲ್ಲಿ ಫೋನು ಕೈಯಿಂದ ಕೈಗೆ ಹೋಯಿತು. ಕೊನೆಯಲ್ಲಿದ್ದ ಒಬ್ಬ ಮಿಶನ್ನಿನ ಫೋಟೊ ನೋಡಿ, "ಈ ಸೈಕಲ್ ಬೆಲ್ಲು ನಾನು ನೋಡಿವ್ನಿ ಕಣಮ್ಮ. ಮದ್ದೂರಲ್ಲಿ, ಅಳೇ ರೋಡಲ್ಲಿ" ಎಂದ. ಮಳವಳ್ಳಿಯದು ಮದ್ದೂರಲ್ಲಿ ಹೇಗಿರುತ್ತದೆ ಎಂದು ನಾನು ಕೇಳುವಷ್ಟರಲ್ಲಿ ಅವನ ಕೈಯಲ್ಲೇ ಫೋನು ಬಡಿದುಕೊಂಡಿತು.

ಚಿಕ್ಕಮ್ಮ ಯಾವ ಕರೆಯಲ್ಲೂ ಸ್ಪೀಕರ್ ಹಾಕದೆ ಮಾತಾಡುವವಳಲ್ಲ. ಹರಾಜಿನವನ ದನಿ ಡೈರಿಯ ಗೋಡೆಗೆ ಬಡಿಯಿತು.

"ಅಮ್ಮಾ, ಅದೃಷ್ಟ ಅಂದ್ರೆ ನಿಮ್ದು! ಕೊಪ್ಪದವ್ರು ಬೇಡ ಅಂದ್ಬುಟ್ರು. ಬೆಳಿಗ್ಗೆನೇ ಬಂದು ಮಿಶನ್ ನೋಡಿ ಒಪ್ಕೊಂಡಿದ್ರು, ಅಷ್ಟ್ರಲ್ಲಿ ಅವ್ರ ತಾಯಿಗೆ ಲಕ್ವ ಹೊಡೀತಂತೆ. ಪಾಪ, ಓಡೋದ್ರು. ನೀವು ಕೂಗಿದ್ ರೇಟಿಗೇ ಕೊಡ್ತೀನಿ. ಅರ್ಧ ಈಗ್ಲೇ ಹಾಕ್ಬುಡಿ. ಇನ್ನಿಬ್ರು ಕಾಯ್ತಾವ್ರೆ."

"ಅಯ್ಯೋ ಸಿವನೇ! ಲಕ್ವನಾ?" ಎಂದಳು ಚಿಕ್ಕಮ್ಮ. "ಯಾರ್ ಮನೆ ಏಳಪ್ಪ. ನಾನು ಕೊಪ್ಪದಲ್ಲೇ ನಿಂತಿವ್ನಿ. ಆ ತಾಯಿನ ಒಂದ್ ಗಳಿಗೆ ನೋಡ್ಕಂಡೇ ಬತ್ತೀನಿ. ಕೈಲಿ ಬಾಳೆಹಣ್ಣೂ ಅವೆ."

ಹರಾಜಿನವನ ದನಿ ಇಳಿಯಿತು.

"ಕೊಪ್ಪದಲ್ಲಾ? ನೀವಾ?"

"ಊಂ. ಡೈರಿ ತಾವು."

ಅಷ್ಟರಲ್ಲಿ ಡೈರಿಯ ಮುಂದೆ ಗಾಬರಿ ಹುಟ್ಟಿತ್ತು. ನಮ್ಮೂರಲ್ಲಿ ಯಾರಿಗೆ ಲಕ್ವ? ಒಬ್ಬ ತನ್ನ ಮನೆಗೆ ಫೋನು ಮಾಡಿ "ಅವ್ವ ಎದ್ದವ್ಳಾ?" ಎಂದು ಕೇಳಿದ. ಹಾಲು ಅಳೆಯುತ್ತಿದ್ದವನು ಅಳತೆ ಕೆಳಗಿಟ್ಟು ಬಂದು ಫೋನಿನ ಕಡೆ ಬಾಗಿದ.

"ಏನಪ್ಪಾ, ಯಾವ ಬೀದಿ?"

"ಅದು... ಆಸ್ಪತ್ರೆಗೆ ಕರ್ಕೊಂಡೋಗವ್ರೆ."

"ಯಾವಾಸ್ಪತ್ರೆ? ಮದ್ದೂರೋ, ಮಂಡ್ಯನೋ? ಎರಡು ಕಡೆನೂ ನಮ್ ಐಕ್ಳವ್ರೆ, ಕಳುಸ್ತೀನಿ ಏಳು."

ಕರೆ ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ.

ಸಾಲಿನಲ್ಲಿ ಮೊದಲು ಅರ್ಥ ಮಾಡಿಕೊಂಡದ್ದು ಮುದುಕಿ. "ಇಲ್ದೇ ಇರೋ ಅವ್ವಂಗೆ ಲಕ್ವ ಒಡ್ಸವ್ನಲ್ಲ, ಇವನ್ ಮನೆ ಎಕ್ಕುಟ್ಟೋಗ!" ಎಂದಳು. ಆಮೇಲೆ ಒಬ್ಬರಿಗೊಬ್ಬರು ಹೇಳಿಕೊಂಡು ಎಲ್ಲರಿಗೂ ತಿಳಿಯಿತು. ಎತ್ತಿನ ಹಿಂದೆ ಕೊಪ್ಪದವನು ಇರಲಿಲ್ಲ. ಮೊತ್ತ ಏರಿಸಿದವನೂ, ಗೆದ್ದವನೂ, ಬೇಡವೆಂದವನೂ ಮಳವಳ್ಳಿಯವನೇ. ಅವನು ಮಳವಳ್ಳಿಯವನೇ ಎಂಬುದಕ್ಕಾದರೂ ಏನು ಗ್ಯಾರಂಟಿ?

ಹೇಳುವಾಗ ನಾನು ಇಲ್ಲಿ ಚಿಕ್ಕಮ್ಮನನ್ನು ಬಹಳ ಚತುರೆಯಾಗಿ ಮಾಡುತ್ತಿದ್ದೆ. ಅವಳಿಗೆ ಮೊದಲೇ ಗೊತ್ತಿತ್ತು, ಬೇಕೆಂದೇ ಅವನನ್ನು ಸಿಕ್ಕಿಸಿದಳು ಎಂದು. ಅದನ್ನು ಓದಿದಾಗ ಅವಳ ಕೈ ನಿಂತಿತು.

"ಅಂಗಲ್ಲ ಕಣ್ಲಾ. ನಂಗೆ ನಿಜ್ವಾಗ್ಲೂ ಆಯಮ್ಮನ್ ನೋಡ್ಬೇಕು ಅನ್ನುಸ್ತು. ಮಿಶನ್ನೇ ಮರ್ತೋಗಿತ್ತು."

ಆ ಮಾತಿಗೆ ನಾನು ಒಂದಕ್ಷರವನ್ನೂ ಸೇರಿಸುವುದಿಲ್ಲ.

ಅಲ್ಲೇ ನಿಂತು ಚಿಕ್ಕಮ್ಮ ಗುಂಪಿಗೆ ತನ್ನ ದನಿಯನ್ನು ಕಳಿಸಿದಳು. "ಎಲ್ಲಾರೂ ಕೇಳ್ಕಳಿ. ನಾನು ಕೊಪ್ಪದಿಂದ ಮಾತಾಡ್ತಿವ್ನಿ. ಇಲ್ಲಿ ಮಿಶನ್ನು ಇಡ್ದೋನೂ ಇಲ್ಲ, ಅವನವ್ವನೂ ಇಲ್ಲ. ಯಾರೂ ಒಂದ್ ಪೈಸೆ ಆಕ್ಬೇಡಿ." ಅವಳನ್ನು ಗುಂಪಿನಿಂದ ತೆಗೆದುಹಾಕಿದರು. ಅದನ್ನೇ ನಾನು ಬರೆದೆ. ನನ್ನನ್ನೂ ತೆಗೆದರು.

"ಆ ಗುಂಪಿನ ಲಿಂಕು ನಮ್ಗೂ ಕಳ್ಸಿ" ಎಂದ ಹಾಲು ಅಳೆಯುವವನು.

ಅವತ್ತು ಸಂಜೆ ಆ ಗುಂಪಿನಲ್ಲಿ ಒಂದು ಸೋಫಾ ಹರಾಜಿಗೆ ಬಂತಂತೆ. ಕೊಪ್ಪದಿಂದ ಒಬ್ಬ ಮೊತ್ತದ ಬದಲು "ಅವ್ವ ಹೆಂಗವ್ರೆ?" ಎಂದು ಬರೆದ. ಅವನನ್ನು ತೆಗೆದರು. ಇನ್ನೊಬ್ಬ ಬರೆದ. ಮತ್ತೊಬ್ಬಳು "ಬಾಯಿ ಬಂತಾ? ಗಂಜಿ ಕುಡುದ್ರಾ?" ಎಂದು ದನಿ ಕಳಿಸಿದಳು. ಒಬ್ಬರನ್ನು ತೆಗೆದರೆ ಇನ್ನೊಬ್ಬರು. ಕಡೆಗೆ ಹರಾಜಿನವನು ತಾನೊಬ್ಬನೇ ಬರೆಯುವ ಹಾಗೆ ಗುಂಪಿನ ಬಾಯಿ ಮುಚ್ಚಿದ. ಹರಾಜಿನಲ್ಲಿ ಕೂಗುವವನು ಮಾತ್ರ ಉಳಿದ, ಕೊಳ್ಳುವ ಬಾಯಿ ಒಂದೂ ಇರಲಿಲ್ಲ.

ಇದು ಸಂಜೆಯ ಮಾತು. ಅದಕ್ಕೂ ಮೊದಲು, ಕೊಪ್ಪದಿಂದ ನೇರ ಮದ್ದೂರಿಗೆ ಹೋದೆವು.

ಹಳೇ ರಸ್ತೆಯಲ್ಲಿ ಆ ಮಿಶನ್ನು ಇತ್ತು. ಹಸಿರು ಚಕ್ರ, ಗೆಜ್ಜೆ, ಸೈಕಲ್ ಬೆಲ್ಲು, ಎಲ್ಲವೂ. ಮೈಸೂರಿನ ಕಾರುಗಳು ಹೊಸ ರಸ್ತೆ ಹಿಡಿದ ಮೇಲೆ ಇಲ್ಲಿ ನಿಲ್ಲುವವರು ಕಡಿಮೆ. ತಲೆಗೆ ಟವೆಲ್ ಸುತ್ತಿದ ಮಾಲೀಕ ಟಾರ್ಪಾಲಿನ ಕೆಳಗೆ ಕೂತಿದ್ದ. ಫೋಟೊ ತೋರಿಸಿ ನಡೆದದ್ದನ್ನು ಹೇಳಿದೆವು. ಕೆಲವು ದಿನದ ಕೆಳಗೆ ಯಾರೋ ಬಂದು ಹಾಲು ಕುಡಿದು ಫೋಟೊ ತೆಗೆದುಕೊಂಡು ಹೋದದ್ದು ಅವನಿಗೆ ನೆನಪಿತ್ತು.

"ಚೆಂದಾಗದೆ ಅಂತ ತಕ್ಕಂಡ ಅನ್ಕಂಡಿದ್ದೆ, ಒರೆಸ್ಬೇರೆ ಕೊಟ್ಟಿದ್ದೆ" ಎಂದ. ಟವೆಲ್ ಬಿಚ್ಚಿ ಕೊಡವಿ ಕೇಳಿದ: "ಎಷ್ಟಕ್ಕೋಯ್ತು?"

ಚಿಕ್ಕಮ್ಮ ಹೇಳಿದಳು.

"ಅಷ್ಟೇನಾ!" ಅವನಿಗೆ ಕಳ್ಳನಿಗಿಂತ ಬೆಲೆಯ ಮೇಲೆ ಹೆಚ್ಚು ಸಿಟ್ಟು ಬಂದಂತಿತ್ತು.

"ಅಷ್ಟಕ್ಕೆ ನೀನು ಕೊಡ್ತೀಯಾ?"

"ಕೊಡಾಕಿಲ್ಲ ಕಣವ್ವ. ರೋಡು ಆಚಿಕ್ಕೋಯ್ತು ಅಂತ ನಾನೂ ಓಗ್ಲಾ?"

ಇದು ಕಥೆಯಾಗಿದ್ದರೆ ಅವನು ಆಮೇಲೆ ಮನಸ್ಸು ಕರಗಿ ಮಿಶನ್ನನ್ನು ಕೊಡಬೇಕಿತ್ತು. ಕೊಡಲಿಲ್ಲ. ಬಾಡಿಗೆಗೂ ಒಪ್ಪಲಿಲ್ಲ. ಎರಡು ಲೋಟ ಹಾಲು ಹಿಂಡಿದ. ಚಕ್ರ ತಿರುಗುವಾಗ ಗೆಜ್ಜೆ ಸದ್ದು ಮಾಡಿತು. ಬೆಲ್ಲು ಕೆಟ್ಟಿತ್ತು.

"ಸುಂಟಿ ಜಾಸ್ತಿಯಾಯ್ತು" ಎಂದಳು ಚಿಕ್ಕಮ್ಮ.

"ನಿನ್ ಮಿಶನ್ನು ಬಂದಾಗ ಕಮ್ಮಿ ಆಕು" ಎಂದ.

ಬಾಳೆಹಣ್ಣನ್ನು ಅವನಿಗೇ ಕೊಟ್ಟು ಬಂದೆವು.

ದೂರು ಕೊಡಲು ಮಂಡ್ಯದಲ್ಲಿ ಪೊಲೀಸರ ಬಳಿಗೂ ಹೋದೆವು. "ಎಷ್ಟು ಹೋಯ್ತಮ್ಮ?" ಎಂದು ಕೇಳಿದರು.

"ಏನೂ ಓಗಿಲ್ಲ."

"ಮತ್ತೆ?"

"ಓಗ್ಲಿ ಅಂತ ಕಾಯ್ಬೇಕಿತ್ತಾ ಸಾ?"

ಕೇಳಿದವರು ನಕ್ಕು ಬರೆದುಕೊಂಡರು. ಬರೆದುಕೊಂಡರೆಂದೇ ನನ್ನ ನೆನಪು. ಇದಕ್ಕೆ ಚಿಕ್ಕಮ್ಮ ತಕರಾರು ತೆಗೆದಿಲ್ಲ.

ಶಿವರಾತ್ರಿ ಬಂತು. ಮಿಶನ್ನು ಬರಲಿಲ್ಲ. ಗೋಬಿಯವನನ್ನು ಕೇಳಿಕೊಂಡು ಕೆಲವು ದಿನ ಜಾಗ ಹಿಡಿದಿಡೋಣ ಎಂದೆ. "ಕಳ್ಳನ್ನೇ ಕೇಳ್ಕಂಡಿಲ್ಲ, ಗೋಬಿಯವನ್ನ ಕೇಳ್ತೀನಾ?" ಎಂದಳು. ಮಾರನೇ ದಿನ ಬೆಳಿಗ್ಗೆ ಒಂದು ಹೊರೆ ಕಬ್ಬು, ಮಚ್ಚು, ಮಣೆ, ಕೂರಲು ಗೋಣಿಚೀಲ ತಂದು ಹೊಂಗೆಮರದ ಕೆಳಗೆ ಹಾಕಿದಳು. ಗೋಬಿಯವನು ಆಗಲೇ ಗಾಡಿ ತಂದು ರಸ್ತೆಯಂಚಿನಲ್ಲಿ ನಿಂತಿದ್ದ.

"ಅಮ್ಮ, ಮಿಶನ್ನು ಬರೋಗಂಟ ನಾನ್ ನಿಲ್ಲುಸ್ಕತ್ತೀನಿ. ಬಂದಾಗ ಬುಟ್ಕೊಡ್ತೀನಿ."

"ನಾನ್ ಬಂದಾಯ್ತಲ್ಲಪ್ಪ" ಎಂದು ಗೋಣಿಚೀಲದ ಮೇಲೆ ಕೂತಳು. ಸಿಪ್ಪೆ ಹೆರೆದು, ಬೆರಳುದ್ದದ ತುಂಡು ಮಾಡಿ ಕವರಿಗೆ ತುಂಬತೊಡಗಿದಳು. ಗೋಬಿಯವನು ಸ್ವಲ್ಪ ಹೊತ್ತು ನೋಡಿ ಗಾಡಿಯನ್ನು ಆಚೆ ಬಿಸಿಲಿಗೆ ತಳ್ಳಿಕೊಂಡು ಹೋದ.

ಕಾಲೇಜು ಬಿಟ್ಟಾಗ ಹುಡುಗರು ಬಂದರು. "ಆಂಟಿ, ಮಿಶನ್ ಇಲ್ವಾ?"

"ಬಾಯಲ್ಲಿ ಹಲ್ಲಿಲ್ವೇನ್ಲಾ?"

ನಕ್ಕರು. ಕೊಂಡರು. ಎಲ್ಲರೂ ಅಲ್ಲ. ಸಂಜೆಗೆ ಹೊರೆಯಲ್ಲಿ ಸುಮಾರು ಕಬ್ಬು ಉಳಿದಿತ್ತು. ಅದನ್ನು ಸ್ಕೂಟರಿಗೆ ಕಟ್ಟಿಕೊಂಡು ವಾಪಸ್ ತಂದವನು ನಾನೇ, ಆದ್ದರಿಂದ ಈ ನೆನಪು ಭುಜದಲ್ಲಿದೆ, ಅನುಮಾನವಿಲ್ಲ. ಮರುದಿನವೂ ಹೋದಳು. ಮಿಶನ್ನು ಇನ್ನೂ ಬಂದಿಲ್ಲ. ಜಾಗವೂ ಹೋಗಿಲ್ಲ.

ಮೊನ್ನೆ ಒಬ್ಬಳು ವಿದ್ಯಾರ್ಥಿನಿ ತುಂಡು ಅಗಿಯುತ್ತ ಚಿಕ್ಕಮ್ಮನಿಗೆ ತನ್ನ ಫೋನು ತೋರಿಸಿದಳು. "ಆಂಟಿ, ಇಲ್ಲೊಂದು ಕಬ್ಬಿನ ಮಿಶನ್ ಬಂದಿದೆ, ಹರಾಜಿಗೆ." ಬೇರೆ ಗುಂಪು, ಬೇರೆ ಊರಿನ ಹೆಸರು. ಹಸಿರು ಚಕ್ರ, ಸೈಕಲ್ ಬೆಲ್ಲು. ಕೆಳಗೆ ಎತ್ತಿನ ಮುಖದವನು ಆಗಲೇ ಮೊತ್ತ ಏರಿಸಿದ್ದ. ಈ ಸಲ ಅವನು ಕೊತ್ತತ್ತಿಯವನು.

"ನಮ್ಮೂರೋನಾ!" ಎಂದಳು ಚಿಕ್ಕಮ್ಮ. ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅಂಟು ಹೋಗಲಿಲ್ಲ, ಆ ಬೆರಳಲ್ಲೇ ಫೋನು ಹಿಡಿದು ಮೈಕಿನ ಗುರುತನ್ನು ಒತ್ತಿದಳು.

"ಏನಪ್ಪಾ ಎತ್ತಿನೋನೇ, ನಾನೂ ಕೊತ್ತತ್ತಿಯೋಳೇ. ಅವ್ವ ಎಂಗವ್ಳೆ? ಯಾವ ಬೀದಿ ಏಳು, ಸಂಜೆ ಬತ್ತೀನಿ. ಈ ಸಲ ಕಬ್ಬು ತತ್ತೀನಿ."

ಫೋನು ವಾಪಸ್ ಕೊಟ್ಟು ಮಚ್ಚು ಎತ್ತಿಕೊಂಡಳು.