ತಗಚೆ ಕಾಯಿ ಒಣಗುವವರೆಗೆ

ಪಕ್ಕದ ಖಾಲಿ ಸೈಟಿನ ಕಡೆಗೆ ತೆರೆಯುವ ಕಿಟಕಿಗೆ ನಾನು ಕಂದು ಬಣ್ಣದ ಪ್ಯಾಕಿಂಗ್ ಟೇಪು ಅಂಟಿಸಿ ಎಷ್ಟೋ ವರ್ಷವಾಗಿತ್ತು. ಅಬ್ಬಿಗೆರೆಯಲ್ಲಿ ಮನೆ ಕಟ್ಟಿಸುವಾಗ ಗಾಳಿ ಬೇಕು ಎಂದು ಮೇಸ್ತ್ರಿಯ ಜೊತೆ ಜಗಳವಾಡಿ ಇಡಿಸಿದ ಕಿಟಕಿ ಅದು. ಆ ಸೈಟಿನಲ್ಲಿ ಪಾರ್ಥೇನಿಯಂ ಬಿಳಿ ಹೂ ಬಿಟ್ಟ ಮೊದಲ ಚಳಿಗಾಲದಲ್ಲೇ ನನಗೆ ಉಬ್ಬಸ ಹಿಡಿಯಿತು. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು, ಗಂಟಲೇ ನನ್ನ ಬಂಡವಾಳ. ನವೆಂಬರ್ ಬಂತೆಂದರೆ ಒಂದು ವಾಕ್ಯ ಮುಗಿಸುವಷ್ಟರಲ್ಲಿ ಮೇಜು ಹಿಡಿದುಕೊಳ್ಳಬೇಕಾಗುತ್ತಿತ್ತು.

ಸೈಟಿನ ಮಾಲೀಕರು ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಹಾಗಾಗಿ ಅದು ಬೀದಿಯವರೆಲ್ಲರ ಸೈಟು. ಪ್ರತಿ ವರ್ಷ ಗಣೇಶನ ಹಬ್ಬಕ್ಕೆ ಮುಂಚೆ ಜೆಸಿಬಿ ತರಿಸಿ, ಗಿಡಗಂಟಿಯನ್ನೆಲ್ಲ ಮಣ್ಣಿನ ಸಮೇತ ಕೆರೆಸಿ, ಅಲ್ಲಿ ಪೆಂಡಾಲ್ ಹಾಕುವುದು ನಮ್ಮ ಬೀದಿಯ ಪದ್ಧತಿ. ನನಗೆ ಅದರಿಂದ ಖುಷಿಯೇ ಆಗುತ್ತಿತ್ತು. ಗಣೇಶನೂ ಬಂದ, ಕಳೆಯೂ ಹೋಯಿತು ಎಂದುಕೊಂಡು ಡ್ರೈವರಿಗೆ ನಾನೇ ಕಾಫಿ ಕೊಟ್ಟು ಕಳಿಸುತ್ತಿದ್ದೆ.

ಕೊರೊನಾ ಬಂದಾಗ ಪೆಂಡಾಲ್ ಇರಲಿಲ್ಲ, ಜೆಸಿಬಿಯೂ ಬರಲಿಲ್ಲ. ಸೈಟಿನ ತುಂಬ ತಗಚೆ ಗಿಡ ಸೊಂಟದೆತ್ತರ ಬೆಳೆದು ನಿಂತಿತು. ಆ ಚಳಿಗಾಲ ನಾನು ಚೆನ್ನಾಗಿ ಉಸಿರಾಡಿದೆ. ಎಲ್ಲ ಮಾಸ್ಕಿನ ಮಹಿಮೆ ಎಂದು ಕಂಡವರಿಗೆಲ್ಲ ಉಪದೇಶ ಮಾಡಿದೆ. ಆಮೇಲೆ ಹಬ್ಬ ಮತ್ತೆ ಜೋರಾಗಿ ಶುರುವಾಯಿತು, ಸೈಟು ಮತ್ತೆ ಬೋಳಾಯಿತು. ಮಾಸ್ಕು ಹಾಕಿಕೊಂಡೇ ಇದ್ದರೂ ಚಳಿಗಾಲದಲ್ಲಿ ಮತ್ತೆ ಏದುಸಿರು. ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಾ ಹೋಗಿ ಹೋದ ವರ್ಷ ಆಸ್ಪತ್ರೆಗೇ ಸೇರಬೇಕಾಯಿತು. ಡಾಕ್ಟರು, ಸಾಧ್ಯವಾದರೆ ಮನೆ ಬದಲಾಯಿಸಿ, ಇಲ್ಲದಿದ್ದರೆ ಪಾಠ ನಿಲ್ಲಿಸಿ ಅಂದುಬಿಟ್ಟರು. ನಮ್ಮ ಯಜಮಾನರು ನನಗೆ ಹೇಳದೆಯೇ ಬ್ರೋಕರಿಗೆ ಮನೆ ತೋರಿಸಿದ್ದರು. ಗೊತ್ತಾದಾಗ ಕೂಗಾಡೋಣವೆಂದರೆ ಉಸಿರಿರಲಿಲ್ಲ.

"ಇನ್ನೊಂದು ಚಳಿಗಾಲ ನೋಡೋಣ. ಹಿಂಗೇ ಆದ್ರೆ ಮಾರಿಬಿಡೋಣ," ಅಂದರು. ಅವರ ಮುಖ ನೋಡಿ ನಾನೂ ಒಪ್ಪಿಕೊಂಡೆ.

ಆಸ್ಪತ್ರೆಯಿಂದ ಬಂದ ಮೇಲೆ ಮುಖಕ್ಕೆ ಮಾಸ್ಕು, ಮೇಲೆ ಸೆರಗು ಸುತ್ತಿಕೊಂಡು ಟೆರೇಸಿಗೆ ಹೋದೆ. ಕೆಳಗೆ ಸೈಟು ಪೂರ್ತಿ ಬೆಳ್ಳಗಿತ್ತು. ಮೂಲೆಯಲ್ಲಿ ಯಾರೋ ಸುರಿದು ಮರೆತ ಜಲ್ಲಿ ಗುಡ್ಡೆಯ ಸುತ್ತ ಮಾತ್ರ ಬಿಳುಪಿಲ್ಲ. ಜೆಸಿಬಿ ಅಲ್ಲಿಗೆ ಹೋಗುವುದಿಲ್ಲ. ಅಲ್ಲಿ ಒಣಗಿದ ತಗಚೆ, ಅದರ ಬುಡದಲ್ಲಿ ಗರಿಕೆ, ತುಂಬೆ, ಉತ್ತರಾಣಿ ಒಂದನ್ನೊಂದು ಒತ್ತಿಕೊಂಡು ಇದ್ದವು. ನಮ್ಮ ಸ್ಕೂಲಿನ ಜೀವಶಾಸ್ತ್ರದ ಮೇಡಂ ಹತ್ತಿರ ಕೇಳಿದೆ. ತಗಚೆ ಮೊದಲ ಮಳೆಗೇ ಒತ್ತಾಗಿ ಎದ್ದರೆ ಪಾರ್ಥೇನಿಯಂಗೆ ಬಿಸಿಲೂ ಸಿಗುವುದಿಲ್ಲ, ಜಾಗವೂ ಸಿಗುವುದಿಲ್ಲವಂತೆ. ಮಳೆಗಾಲದ ನಡುವೆ ಮಣ್ಣು ಕೆರೆದು ಬೋಳು ಮಾಡಿದರೆ ಪಾರ್ಥೇನಿಯಂ ಎಲ್ಲರಿಗಿಂತ ಮುಂಚೆ ಬಂದು, ಎಲೆಯನ್ನು ನೆಲಕ್ಕೆ ಹಾಸಿಕೊಂಡು, ಬೇರೆಯವು ತಲೆ ಎತ್ತದ ಹಾಗೆ ಮಾಡುತ್ತದಂತೆ. ಅಂದರೆ ಇಷ್ಟು ವರ್ಷ ಭಕ್ತಿಯಿಂದ ಅದಕ್ಕೆ ಪಾತಿ ಮಾಡಿಕೊಟ್ಟವರು ನಾವೇ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಜಲ್ಲಿ ಗುಡ್ಡೆಯ ಬಳಿ ಸಿಕ್ಕ ಒಣ ಕಾಯಿಗಳನ್ನೆಲ್ಲ ಯಜಮಾನರು ದಿಂಬಿನ ಕವರಿನಲ್ಲಿ ತುಂಬಿ ತಂದರು. ಮೇ ತಿಂಗಳಲ್ಲಿ ಮೊದಲ ಮಳೆ ಬೀಳುವ ಮುಂಚೆ ಸೈಟಿನ ತುಂಬ ಬೀಜ ಎರಚಿದೆವು. ಆಗಸ್ಟ್ ಹೊತ್ತಿಗೆ ತಗಚೆ ತೊಡೆಯೆತ್ತರ ಬಂದು ಹಳದಿ ಹೂ ಬಿಟ್ಟಿತು. ಇನ್ನು ಕಾಯಿ ಕಟ್ಟಿ, ಒಣಗಿ, ಸಿಡಿದು ಬೀಜ ಬಿದ್ದರೆ ಮುಂದಿನ ವರ್ಷಕ್ಕೂ ಭಯವಿಲ್ಲ. ಅದಕ್ಕೆ ನವೆಂಬರ್ ಮುಗಿಯಬೇಕು. ಹಬ್ಬ ಮಾತ್ರ ತಲೆ ಮೇಲೆ ಬಂದು ಕೂತಿತ್ತು.

ಗಣೇಶನ ಮಂಡಳಿಯ ಮುಖ್ಯಸ್ಥ ನನ್ನ ಹಳೇ ವಿದ್ಯಾರ್ಥಿ. ಊರಿನ ಹಳೇ ಮನೆತನದವನು, ಈಗ ನೀರಿನ ಟ್ಯಾಂಕರ್ ಓಡಿಸುತ್ತಾನೆ. ಮೀಟಿಂಗಿಗೆ ಹೋಗಿ, ಕೆರೆದ ಕಡೆಯೆಲ್ಲ ಪಾರ್ಥೇನಿಯಂ ಏಳುತ್ತದೆ, ಸೈಟು ಕೆರೆಯಬೇಡಿ ಎಂದು ಕೇಳಿಕೊಂಡೆ. ಒಬ್ಬರು ಹಾವು ಬಂದರೆ ಯಾರು ಜವಾಬ್ದಾರಿ ಅಂದರು. ಇನ್ನೊಬ್ಬರು, "ಕಳೆ ಗಿಡಕ್ಕೋಸ್ಕರ ಗಣೇಶನಿಗೆ ಅಡ್ಡ ಬರ್ತೀರಲ್ಲ ಮೇಡಂ," ಅಂದರು. ಮನೆಯಲ್ಲಿ ಚೌತಿಗೆ ನಾನೂ ಗರಿಕೆ ಏರಿಸುವವಳೇ. ನನ್ನ ವಿದ್ಯಾರ್ಥಿ ತಲೆ ತಗ್ಗಿಸಿಕೊಂಡು, "ನೋಡೋಣ ಮಿಸ್," ಅಂದ. ನಮ್ಮ ಕಡೆ ನೋಡೋಣ ಅಂದರೆ ಏನರ್ಥ ಅಂತ ನನಗೆ ಚೆನ್ನಾಗಿ ಗೊತ್ತು.

ಹಬ್ಬದ ಹಿಂದಿನ ಭಾನುವಾರ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ಜೆಸಿಬಿ ಸದ್ದು ಕೇಳಿತು. ಸ್ಟವ್ ಆರಿಸಿ ಓಡಿದೆ. ಅಷ್ಟರಲ್ಲಿ ಅದು ರಸ್ತೆಯ ಅಂಚಿನಲ್ಲಿ ಬಕೆಟ್ಟಿನಗಲ ಒಂದು ಪಟ್ಟಿ ಕೆರೆದೇಬಿಟ್ಟಿತ್ತು. ಹಳದಿ ಹೂವಿನ ಗಿಡಗಳು ಬೇರು ಮೇಲಾಗಿ ಬಿದ್ದಿದ್ದವು. ನಾನು ಹೋಗಿ ಯಂತ್ರದ ಮುಂದೆ ನಿಂತೆ. ಡ್ರೈವರು ಬಕೆಟ್ಟನ್ನು ಮೇಲೆತ್ತಿ ಹಿಡಿದು ಹಾರ್ನ್ ಹೊಡೆದ. ಹುಡುಗರೆಲ್ಲ ಸುತ್ತ ಬಂದರು.

ಕನ್ನಡಿ ಮುಂದೆ ನಿಂತು ತಯಾರು ಮಾಡಿಕೊಂಡಿದ್ದ ಭಾಷಣವಿತ್ತು ನನ್ನ ಹತ್ತಿರ. ಬಾಯಿ ತೆರೆದೆ. ಡೀಸೆಲ್ ಹೊಗೆ, ಎದ್ದ ಧೂಳು, ಓಡಿ ಬಂದ ಏದುಸಿರು ಎಲ್ಲ ಸೇರಿ ಎದೆ ಬಿಗಿದುಕೊಂಡಿತು. ಸಿಳ್ಳೆಯಂಥ ಸದ್ದು ಬಿಟ್ಟರೆ ಒಂದಕ್ಷರ ಹೊರಡಲಿಲ್ಲ. ಜೇಬಿಲ್ಲದ ನೈಟಿ, ಇನ್‌ಹೇಲರ್ ಒಳಗೆ ಫ್ರಿಜ್ಜಿನ ಮೇಲೆ. ನನಗೆ ನಿಜವಾಗಿ ಹೆದರಿಕೆಯಾಯಿತು.

"ಮಿಸ್, ಯಾಕ್ ಮಾತಾಡ್ತಿಲ್ಲ?" ನನ್ನ ವಿದ್ಯಾರ್ಥಿ ಹತ್ತಿರ ಬಂದ. "ಏನಾದ್ರೂ ಏಳಿ ಮಿಸ್. ಬೈದಾದ್ರೂ ಬೈರಿ."

ಅಷ್ಟರಲ್ಲಿ ಯಜಮಾನರು ಇನ್‌ಹೇಲರ್ ಹಿಡಿದು ಓಡಿ ಬಂದರು. ಎರಡು ಸಲ ಎಳೆದುಕೊಂಡೆ. ಏದುಸಿರು ಸ್ವಲ್ಪ ಇಳಿಯಿತು, ಮಾತು ಬರಲಿಲ್ಲ. ಸುಮ್ಮನೆ ನಿಂತರೆ ಇನ್ನೊಂದು ಗಳಿಗೆಗೆ ಬಕೆಟ್ಟು ಇಳಿಯುತ್ತದೆ. ನಾನು ನನ್ನ ವಿದ್ಯಾರ್ಥಿಯ ರಟ್ಟೆ ಹಿಡಿದು ನಮ್ಮ ಗೇಟಿನವರೆಗೆ ಎಳೆದುಕೊಂಡು ಬಂದೆ. ಗೇಟಿನ ಎರಡೂ ಬಾಗಿಲು ತೆಗೆದೆ. ಕಾರು ನಿಲ್ಲಿಸುವ ಜಾಗದಿಂದ ಸ್ಕೂಟರನ್ನು ಹೊರಗೆ ತಳ್ಳಿದೆ, ಒಣಗಲು ಹಾಕಿದ್ದ ಬಟ್ಟೆ ಎಳೆದು ಹಾಕಿದೆ. ಬರಿದಾದ ಜಾಗಕ್ಕೆ ಕೈ ತೋರಿಸಿ, ಆಮೇಲೆ ಕೈ ಮುಗಿದೆ.

ಅವನಿಗೆ ಅರ್ಥವಾಯಿತು. "ಇಲ್ಲಿ ಕೂರ್ಸದಾ? ನಿಮ್ಮನೇಲಾ?" ಅಂದ. ತಲೆಯಾಡಿಸಿದೆ. ಅವನು ಡ್ರೈವರಿನ ಕಡೆ ತಿರುಗಿ, "ಗಾಡಿ ವಾಪಸ್ ತಗೊಳ್ಳಣ್ಣಾ!" ಎಂದು ಕೂಗಿದ.

"ನಿಂಗೆ ತಲೆ ಕೆಟ್ಟಿದ್ಯಾ? ಊದುಬತ್ತಿ ಹೊಗೆ ಆಗಲ್ಲ ನಿಂಗೆ," ಅಂದರು ಯಜಮಾನರು. ನಿಜ. ಮನೆಯ ಬಾಗಿಲಲ್ಲಿ ಗಣೇಶ ಕೂತಷ್ಟು ದಿನವೂ ನಾನು ಮತ್ತಿಕೆರೆಯಲ್ಲಿ ತಂಗಿಯ ಮನೆಯಲ್ಲಿದ್ದೆ. ನನ್ನ ಮನೆಯ ಪೂಜೆಯನ್ನು ಫೋನಿನಲ್ಲಿ ನೋಡಿದೆ. ದುಃಖವಾಯಿತು, ಸಿಟ್ಟೂ ಬಂತು.

ಆಮೇಲಿನ ಕಾಯುವಿಕೆ ಅದಕ್ಕಿಂತ ಕಷ್ಟವಾಗಿತ್ತು. ಅಕ್ಟೋಬರಿನಲ್ಲಿ ಬ್ರೋಕರು ಎರಡು ಸಲ ಫೋನ್ ಮಾಡಿದ. ದಿನಾ ಬೆಳಿಗ್ಗೆ ಎದ್ದು ಹಾಸಿಗೆಯಲ್ಲೇ ಒಂದು ದೀರ್ಘ ಉಸಿರು ಎಳೆದು ನೋಡುತ್ತಿದ್ದೆ, ಸಿಳ್ಳೆ ಸದ್ದು ಬರುತ್ತದಾ ಅಂತ. ಕಂಬಳಿ ಮುಚ್ಚಿಕೊಂಡು ಯಜಮಾನರೂ ಕಿವಿಗೊಟ್ಟು ಕೇಳುತ್ತಿದ್ದರು. ನಿದ್ದೆ ಬಂದ ಹಾಗೆ ನಟಿಸುವುದು ಅವರಿಗೆ ಬರುವುದಿಲ್ಲ.

ನವೆಂಬರಿನ ಕೊನೆಯ ಒಂದು ಭಾನುವಾರ ಕಿಟಕಿಯ ಗಾಜಿನಿಂದ ನೋಡಿದರೆ ಸೈಟು ಕಂದು ಬಣ್ಣಕ್ಕೆ ತಿರುಗಿತ್ತು, ತಗಚೆ ಕಾಯಿಗಳು ಒಣಗಿ ಜೋತುಬಿದ್ದಿದ್ದವು. ಅಂದು ಜೆಸಿಬಿ ಕೆರೆದಿದ್ದ ಆ ಪಟ್ಟಿಯಲ್ಲಿ ಮಾತ್ರ, ಬಕೆಟ್ಟಿನಗಲಕ್ಕೆ ಸರಿಯಾಗಿ, ಪಾರ್ಥೇನಿಯಂ ಬೆಳ್ಳಗೆ ನಿಂತಿತ್ತು. ನನ್ನ ವಿದ್ಯಾರ್ಥಿ ಕೈಗೆ ಗ್ಲೌಸು, ಮೂಗಿಗೆ ಟವೆಲ್ ಕಟ್ಟಿಕೊಂಡು ಅದನ್ನು ಬುಡಸಮೇತ ಕಿತ್ತು ಗೋಣಿಚೀಲಕ್ಕೆ ತುಂಬುತ್ತಿದ್ದ. ಯಾರೂ ಅವನಿಗೆ ಹೇಳಿರಲಿಲ್ಲ. ಚೀಲದ ಬಾಯಿ ಕಟ್ಟಿ ಟ್ಯಾಂಕರಿನ ಹಿಂದೆ ಇಟ್ಟು, ನನ್ನನ್ನು ಗಾಜಿನಾಚೆ ಕಂಡು ಏನೋ ಕೇಳಿದ. ಕೇಳಿಸಲಿಲ್ಲ.

ಟೇಪು ಎಳೆದೆ. ಪೇಂಟಿನ ಸಮೇತ ಕಿತ್ತು ಬಂತು. ಚಿಲಕ ತುಕ್ಕು ಹಿಡಿದಿತ್ತು, ಎರಡು ಗುದ್ದು ಹಾಕಿ ಕಿಟಕಿ ತೆಗೆದೆ.

"ಮುಂದಿನ್ ವರ್ಸಾನೂ ನಿಮ್ಮನೇಲೇ ಕೂರ್ಸದಾ ಮಿಸ್?"

"ಹೂಂ ಕಣೋ! ಪಟಾಕಿ ಹೊಡೆದ್ರೆ ಮಾತ್ರ ಕಿವಿ ಹಿಂಡ್ತೀನಿ!"

ಬೀದಿಯ ಕೊನೆಯ ಅಂಗಡಿಯ ಮುಂದೆ ಹಾಲು ಕೊಳ್ಳುತ್ತಿದ್ದವರು ತಿರುಗಿ ನೋಡಿದರು. ಅಡಿಗೆಮನೆಯಿಂದ ಯಜಮಾನರು ಗಾಬರಿಯಾಗಿ, ಯಾರ ಜೊತೆ ಜಗಳ ಅಂದರು. ಬ್ರೋಕರಿಗೆ ಫೋನ್ ಮಾಡಿ ಮನೆ ಮಾರಲ್ಲ ಅನ್ನಿ ಎಂದು ಅಷ್ಟೇ ಜೋರಾಗಿ ಅವರಿಗೂ ಕೂಗಿ ಹೇಳಿದೆ, ಒಂದೇ ಉಸಿರಿಗೆ.