ಕಣದಲ್ಲಿ ಕಾಲೂರದ ಸುತ್ತು

ದೊಡವಾಡದ ಖಾಲಿ ಕಣದಲ್ಲಿ, ನಡುವಿನ ಮೇಟಿಗಂಬ ಸುತ್ತುವಾಗ, ಮಾವನ ಬುಲೆಟ್ ನಾಲ್ಕನೆಯ ಸಲ ನನ್ನ ಸಮೇತ ನೆಲಕ್ಕೊರಗಿತು. ಮರುದಿನ ಲೈಸೆನ್ಸ್ ಪರೀಕ್ಷೆ. ಕಾಲೂರದೆ ನಿಧಾನವಾಗಿ ಸುತ್ತು ಹಾಕಬೇಕು. ಹಿಂದೆ ಎರಡು ಸಲ ಅಲ್ಲೇ ಫೇಲಾಗಿದ್ದೆ.

ಪಕ್ಕದ ಕಣದಲ್ಲಿ ಜೋಳ ತೂರುತ್ತಿದ್ದ ಅಜ್ಜಿ ನಕ್ಕರು. "ತಮ್ಮಾ, ಬೀಳೂ ಜಾಗಾನ ನೋಡಾಕತ್ತೀ. ಹೋಗೂ ಕಡೆ ಮಾರಿ ತಿರುಗಿಸು."

"ಆಯಿ, ನಿಮಗ ಗಾಡಿ ಹೊಡ್ಯಾಕ ಬರತೈತೇನ್ರಿ?" ಎಂದು, ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಎದುರಾಳಿಯ ಬಾಯಿ ಮುಚ್ಚಿಸುವ ಧಾಟಿಯಲ್ಲೇ ಕೇಳಿದೆ.

"ಇಲ್ಲಪಾ. ನೀ ಬೀಳೂದನ್ನ ಮುಂಜಾನಿಂದ ನೋಡಾಕತ್ತೇನಿ."

ಅವರ ಮಾತು ಸುಳ್ಳೆಂದು ತೋರಿಸಲೆಂದೇ ನೆಲ ನೋಡುವುದನ್ನು ಬಿಟ್ಟು, ಮೇಟಿಯಾಚೆ ಕಣ್ಣಿಟ್ಟು ಮತ್ತೆ ಗಾಡಿ ಬಿಟ್ಟೆ. ಗಾಡಿ ಪೂರ್ತಿ ಸುತ್ತಿ ಬಂತು. ಕಾಲು ನೆಲಕ್ಕೆ ತಾಗಲೇ ಇಲ್ಲ.

ಲೈಸೆನ್ಸೂ ಸಿಕ್ಕಿತು. ಆದರೆ ಕಣ್ಣು ತಿರುಗಿದ ಕಡೆ ಅಷ್ಟು ಭಾರದ ಕಬ್ಬಿಣ ಏಕೆ ತಿರುಗಬೇಕು? ಇನ್ನೂ ತಿಳಿದಿಲ್ಲ. ಈಗ ಚರ್ಚೆಯಲ್ಲಿ ಎದುರಾಳಿಗೆ "ನಿನಗೇನು ಗೊತ್ತು?" ಎನ್ನಲು ಬಾಯಿ ತೆರೆದರೆ ಅಜ್ಜಿಯ ನಗು ನೆನಪಾಗಿ ಮುಂದಿನ ಮಾತೇ ಮರೆತುಹೋಗುತ್ತದೆ.